ಎತ್ತರದ ಹೊಟ್ಟೆಪಾಡು

ನನ್ನ ಕೋತಿಮರಿಗೆ, ಅಮ್ಮನ ಮುದ್ದು.

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಾಳಲ್ಲ, ಮುದುಕಿಗೆ ಅರಳುಮರಳು ಎನ್ನಬೇಡ. ಬಾಯಿ ತೆರೆದರೆ ನನಗೆ ಬರುವುದು ಒಂದೇ ಮಾತು. ನಿನ್ನೆ ನೀನು, "ಕ್ರೇನ್ ಬಿಟ್ಟು ಕೆಳಗಿನ ಕೆಲಸಕ್ಕೆ ಬಂದ್ಬಿಡು, ಸೋಮವಾರ ಹೇಳು ಅಂದ್ರು ಮೇಸ್ತ್ರಿ. ಏನ್ಮಾಡ್ಲಿ ಅಮ್ಮಾ?" ಎಂದು ಕೇಳಿದೆ. ನಾನು "ಮೊದ್ಲು ಊಟ ಮಾಡು" ಎಂದೆ. ನೀನು ನಗುನಗುತ್ತಲೇ ಅತ್ತುಬಿಟ್ಟೆ.

ಚಿಕ್ಕಂದಿನಲ್ಲೇ ನೀರಿನ ಟ್ಯಾಂಕಿನ ಮೇಲೆ ಹತ್ತಿ ಕೂರುತ್ತಿದ್ದವಳು ನೀನು. ಹೆಣ್ಣಾಗಿ ಕ್ರೇನ್ ಓಡಿಸುತ್ತಾಳಾ ಎಂದು ಮೂಗು ಮುರಿದವರ ಮುಂದೆ ನಾನು ಜಂಬ ಕೊಚ್ಚಿಕೊಂಡಿದ್ದು ಕಮ್ಮಿಯೇ? ಆದರೆ ಹೊಟ್ಟೆ ಕಿವುಚಿದಂತಾದಾಗ ಕ್ರೇನಿನ ಆ ಏಣಿ ಎಷ್ಟು ಉದ್ದವೆಂದು ನಿನಗೊಬ್ಬಳಿಗೇ ಗೊತ್ತು. ಮೊದಲ ಸಲ ಹಾಗಾದ ದಿನ ಕೊಕ್ಕೆಯಲ್ಲಿ ನೇತಾಡುತ್ತಿದ್ದ ಕಬ್ಬಿಣವನ್ನು ಜೋಪಾನವಾಗಿ ನೆಲಕ್ಕಿಳಿಸಿ, ಆಮೇಲೆ ನೀನು ಇಳಿದೆಯಂತೆ. ಅರ್ಧ ದಾರಿಯಲ್ಲೇ ತಡೆಯಲಾಗಲಿಲ್ಲವಂತೆ. ಅದನ್ನು ಹೇಳುವಾಗ ನೀನು ನನ್ನ ಮುಖ ನೋಡಲಿಲ್ಲ. ಅಂದಿನಿಂದ ಉಪವಾಸದಲ್ಲೇ ಹತ್ತುತ್ತೀಯ. ಹೊಟ್ಟೆಪಾಡಿಗೆಂದು ಹೊಟ್ಟೆಯನ್ನೇ ಖಾಲಿ ಬಿಡುವವಳು ಲೋಕದಲ್ಲಿ ನೀನೊಬ್ಬಳೇ ಇರಬೇಕು.

ರಕ್ತ, ಸ್ಕ್ಯಾನ್, ಕೊಳವೆ ಹಾಕಿ ನೋಡಿದ್ದು, ಎಲ್ಲ ರಿಪೋರ್ಟೂ ನಾರ್ಮಲ್ ಎಂದಾಗ ನಾನು ಕೈಮುಗಿದೆ. ನೀನು ಕುಸಿದು ಕೂತೆ. "ಏನೂ ಇಲ್ಲ ಅಂದ್ರೆ ನನ್ನ ನೋವನ್ನ ಇನ್ಯಾರು ನಂಬ್ತಾರೆ?" ಎಂದೆ. ಡಾಕ್ಟರಮ್ಮ ನಂಬಿದರು. "ಕರುಳಲ್ಲಿ ಹುಣ್ಣಿಲ್ಲ, ಗಂಟಿಲ್ಲ. ಆದ್ರೆ ನೋವು ಸುಳ್ಳಲ್ಲಮ್ಮ. ಕರುಳಿಗೂ ಮಿದುಳಿಗೂ ಮಾತುಕತೆ ಕೆಟ್ಟಿದೆ, ಐಬಿಎಸ್ ಅಂತೀವಿ. ಪೂರ್ತಿ ಹೋಗತ್ತೆ ಅನ್ನಲ್ಲ, ಹತೋಟಿಗೆ ತರಬಹುದು" ಎಂದರು. ಹೊತ್ತಿಗೆ ಸರಿಯಾಗಿ ಸ್ವಲ್ಪಸ್ವಲ್ಪ ತಿನ್ನಬೇಕು, ಆಗದ್ದನ್ನು ಒಂದೊಂದಾಗಿ ಬಿಟ್ಟು ನೋಡಬೇಕು, ನಿದ್ದೆ ಮಾಡಬೇಕು, ಅಂಜಿಕೆ ಕಮ್ಮಿಯಾಗಬೇಕು. ಅಷ್ಟು ಮೇಲೆ ಒಬ್ಬಳೇ ಕೂತವಳ ಅಂಜಿಕೆ ಹೇಗೆ ಕಮ್ಮಿಯಾಗುತ್ತದೆ?

ಹಾಲು ಬಿಟ್ಟೆವು, ಆಮೇಲೆ ಈರುಳ್ಳಿ. ಕೆಲವು ದಿನ ನೆಮ್ಮದಿ, ಮತ್ತೆ ಅದೇ ರಾಗ ಅದೇ ತಾಳ. "ಮದುವೆ ಮಾಡಿ, ಸರಿಹೋಗತ್ತೆ" ಎಂದಳು ಪಕ್ಕದ ಮನೆಯಾಕೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳ ತಲೆನೋವೇ ಹೋಗಿಲ್ಲ!

ಅಡುಗೆಮನೆಯಲ್ಲಿ ಸೌಟು ಹಿಡಿದು ಸುಮ್ಮನೆ ನಿಂತುಬಿಡುತ್ತೇನೆ. ಹಸಿದರೆ ಬಡಿಸುವುದು, ಅತ್ತರೆ ತಿನ್ನಿಸುವುದು, ಇಷ್ಟನ್ನೇ ಕಲಿತ ತಾಯಿ ನಾನು. ನನ್ನ ಕೈತುತ್ತಿಗೇ ನೀನು ಹೆದರುವಂತಾದರೆ ನಾನಿನ್ನು ಯಾವ ಕೆಲಸಕ್ಕೆ? ತುಂಬ ದುಃಖವಾಗುತ್ತದೆ ಕಣೇ.

ಕ್ರೇನ್ ಬಿಡು ಎನ್ನಲು ಬಾಯಿ ಬರುವುದಿಲ್ಲ. ಅದನ್ನು ಓಡಿಸಿ ಬಂದ ಸಂಜೆಗಳಲ್ಲಿ ನಿನ್ನ ಮುಖದ ಕಳೆ ನೋಡಿದ್ದೇನೆ. ಬಿಡಬೇಡ ಎನ್ನಲು ಧೈರ್ಯವಿಲ್ಲ. ನೀನು ಬಚ್ಚಲ ಬಾಗಿಲು ಹಾಕಿಕೊಂಡು ನರಳುವಾಗ ಹೊರಗೆ ನಿಲ್ಲುವುದಷ್ಟೇ ನನ್ನಿಂದ ಆಗುವುದು. ನಿಂತಿರುತ್ತೇನೆ.

ಹಿರಿಯರು ಹರಸುವಾಗ ಬಾಯಿಮಾತಿಗೆ ಅನ್ನುವ ಮಾತೊಂದಿದೆ. ನಾನೂ ಎಷ್ಟೋ ಜನರಿಗೆ ಯೋಚಿಸದೆ ಅಂದಿದ್ದೇನೆ. ಇವತ್ತು ಅಕ್ಷರ ಅಕ್ಷರಕ್ಕೂ ಕೈಮುಗಿದು ಬರೆಯುತ್ತಿದ್ದೇನೆ:

ನಿನ್ನ ಹೊಟ್ಟೆ ತಣ್ಣಗಿರಲಿ.

ಏನೂ ಮಾಡಲಾಗದ,
ನಿನ್ನಮ್ಮ