ದೊಡ್ಡ ಚಿಮಣಿಗೆ ಪುಕ್ಕಟೆ ಹಕ್ಕು, ಗುಡ್ಡದ ಸ್ನಾನಗೃಹಕ್ಕೆ ಬೀಗ

ಹೊಗೆ ಬಿಡುವ ಹಕ್ಕನ್ನು ಹಂಚುವ ಕಚೇರಿಯ ಮುಖ್ಯಸ್ಥರೇ,

ಮಾನ್ಯರೇ ಎಂದು ಶುರುಮಾಡಬೇಕಿತ್ತು, ಕೈ ಬರಲಿಲ್ಲ. ನನ್ನ ಸ್ನಾನಗೃಹದ ಎಣ್ಣೆ ಬಾಯ್ಲರ್ ವಾತಾವರಣಕ್ಕೆ ಕೇಡು, ನವೆಂಬರ್ ಮುಗಿಯುವುದರೊಳಗೆ ಅದನ್ನು ಬದಲಿಸಿ, ಇಲ್ಲವೇ ಆರಿಸಿ ಎಂದು ನಿಮ್ಮ ಕಚೇರಿ ಆಜ್ಞೆ ಮಾಡಿದೆ. ಸರಿ, ಬದಲಿಸುತ್ತೇನೆ, ನೀವೇ ಘೋಷಿಸಿದ ನೆರವು ಕೊಡಿ ಎಂದು ಕೇಳಿದರೆ, ಹವಾಮಾನ ನಿಧಿ ಬರಿದಾಗಿದೆ ಎಂಬ ಉತ್ತರ ಬಂತು. ಏಕೆ ಬರಿದಾಯಿತು? ಹೊಗೆಯ ಹಕ್ಕುಗಳನ್ನು ಹರಾಜು ಹಾಕಿ ಬಂದ ದುಡ್ಡಿನಿಂದ ತುಂಬಬೇಕಾದ ನಿಧಿ ಅದು. ಹರಾಜಿಗೆ ಇಡಬೇಕಾದದ್ದನ್ನು ನೀವು ನಮ್ಮೂರಿನ ಉಕ್ಕಿನ ಕಾರ್ಖಾನೆಗೆ ಪುಕ್ಕಟೆ ಕೊಟ್ಟು ಕೂತಿದ್ದೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಕೇಳಿದ್ದೆ, ಈಗ ನನ್ನ ಮೈಮೇಲೆಯೇ ನೋಡುತ್ತಿದ್ದೇನೆ.

ನಾನು ಉಕ್ಕಿನ ಬಂದರಿನ ಹಿಂದಿರುವ ಗುಡ್ಡದ ಮೇಲೆ ಸಾರ್ವಜನಿಕ ಸ್ನಾನಗೃಹ ನಡೆಸುವವಳು. ಅತ್ತೆಯಿಂದ ಬಂದ ಕಸುಬು. ಗುಡ್ಡದ ಮನೆಗಳಲ್ಲಿ ಇವತ್ತಿಗೂ ನೆಲದಡಿಯ ಒಲೆಯಲ್ಲಿ ಉರಿಯುವುದು ಕಲ್ಲಿದ್ದಲ ಬಿಲ್ಲೆ. ಅದರಿಂದ ಕೋಣೆಯ ನೆಲ ಬೆಚ್ಚಗಾಗುತ್ತದೆ, ನಲ್ಲಿಯ ನೀರು ಆಗುವುದಿಲ್ಲ. ಚಳಿಗಾಲದಲ್ಲಿ ಮೈತುಂಬ ಬಿಸಿನೀರು ಬೇಕೆಂದರೆ ನನ್ನ ಬಾಗಿಲಿಗೇ ಬರಬೇಕು. ಬರುವವರು ಹೆಚ್ಚಾಗಿ ಅಜ್ಜಿಯರು. ಕುತ್ತಿಗೆವರೆಗೆ ತೊಟ್ಟಿಯಲ್ಲಿ ಮುಳುಗಿ, ಮೈ ನೆನೆದ ಮೇಲೆ ಒರಟು ಬಟ್ಟೆ ಹಿಡಿದು ಒಬ್ಬರ ಬೆನ್ನನ್ನು ಒಬ್ಬರು ಉಜ್ಜುತ್ತಾರೆ, ಸೊಸೆಯಂದಿರನ್ನು ಬೈಯುತ್ತಾರೆ, ಬೇಯಿಸಿದ ಮೊಟ್ಟೆ ತಿಂದು ಮನೆಗೆ ಹೋಗುತ್ತಾರೆ. ಜೊತೆಗೆ ಯಾರೂ ಇಲ್ಲದವರ ಬೆನ್ನನ್ನು ನಾನು ಉಜ್ಜುತ್ತೇನೆ. ಅಂಥವರಲ್ಲಿ ಒಬ್ಬಳು ಬೊಂಗ್‌ಸುನ್ ಅಜ್ಜಿ. ಜೀವಮಾನವೆಲ್ಲ ಬಂದರಿನಲ್ಲಿ ಮೀನು ಸೀಳಿದವಳು. ಅವಳ ಬಾಯಿಗೆ ದೋಣಿಯವರೇ ಹೆದರುತ್ತಿದ್ದರಂತೆ.

ಈ ವಸಂತದಲ್ಲಿ ನಿಮ್ಮ ಕಚೇರಿಯ ಯುವ ಅಧಿಕಾರಿಯೊಬ್ಬರು ನಮ್ಮ ಓಣಿಯ ಮುದುಕರೆಲ್ಲ ಹಗಲು ಸೇರುವ ಹಿರಿಯರ ಮನೆಗೆ ಬಂದು, ಗೋಡೆಯ ಮೇಲೆ ಚಿತ್ರ ಬಿಟ್ಟು, ‘ಬೇಚುಲ್ ಹಕ್ಕು’ ಎಂಬುದರ ಬಗ್ಗೆ ಭಾಷಣ ಮಾಡಿದರು. ತಾವು ಎತ್ತರದ ಮಹಡಿಯಲ್ಲಿ ಇರುವವರು, ಮರೆತಿರಬಹುದು. ಬೇಚುಲ್ ಎಂದರೆ ಹೊರಹಾಕುವುದು, ಮತ್ತು ನಮ್ಮ ಓಣಿಯಲ್ಲಿ ಹೊರಹಾಕುವುದೆಂದರೆ ಕಸ. ಬೇಚುಲ್ ದಿನ, ಬೇಚುಲ್ ಜಾಗ, ಬೇಚುಲ್ ಚೀಲ. ಅಂಗಡಿಯಲ್ಲಿ ಸರ್ಕಾರದ ಮುದ್ರೆಯ ಚೀಲವನ್ನು ದುಡ್ಡು ಕೊಟ್ಟು ತಂದು, ಅದರಲ್ಲೇ ಕಸ ತುಂಬಿ ಇಡಬೇಕು. ಎಷ್ಟು ಕಸವೋ ಅಷ್ಟು ಚೀಲ, ಅಷ್ಟು ದುಡ್ಡು. ಅಜ್ಜಿಯರು ಆ ಚೀಲವನ್ನು ಕಾಲಿನಿಂದ ತುಳಿದು, ಮಂಡಿಯಿಂದ ಒತ್ತಿ ತುಂಬುವುದನ್ನು ತಾವು ನೋಡಬೇಕು. ನಿಮ್ಮ ಅಧಿಕಾರಿ ಆ ಅಜ್ಜಿಯರ ಮುಂದೆ ನಿಂತು, “ಸದ್ಯಕ್ಕೆ ಬೇಚುಲ್ ಹಕ್ಕುಗಳನ್ನು ಬಹುಪಾಲು ಉಚಿತವಾಗಿ ಹಂಚಲಾಗುತ್ತಿದೆ” ಎಂದರು. ಇಡೀ ಮನೆ ಚಪ್ಪಾಳೆ ಹೊಡೆಯಿತು. ನಗರದ ವಾರ್ತಾಪತ್ರದಲ್ಲಿ ‘ಹವಾಮಾನ ನೀತಿಗೆ ಹಿರಿಯರ ಹರ್ಷ’ ಎಂದು ಫೋಟೋ ಸಮೇತ ಬಂತು.

ಮರುದಿನ ಬೊಂಗ್‌ಸುನ್ ಅಜ್ಜಿ ಹರ್ಷದಿಂದಲೇ ಮಾಮೂಲಿ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಸ ಕಟ್ಟಿ ಓಣಿಯ ಮೂಲೆಯಲ್ಲಿಟ್ಟಳು. ಅಲ್ಲಿ ಕಂಬದ ಮೇಲೆ ಮಾತಾಡುವ ಕ್ಯಾಮೆರಾ ಇದೆ.

“ನಿಗದಿತ ಚೀಲ ಬಳಸಿಲ್ಲ. ಕಸವನ್ನು ವಾಪಸ್ ಒಯ್ಯಿರಿ” ಎಂದಿತು ಕ್ಯಾಮೆರಾ.

“ಲೋ, ನಿನ್ನೆ ಸಭೆಗೆ ಬಂದಿರ್ಲಿಲ್ವೇನೋ ನೀನು? ಈಗೆಲ್ಲಾ ಪುಕ್ಕಟೆ ಕಣೋ!” ಎಂದು ಅಜ್ಜಿ ಕಂಬಕ್ಕೇ ಬೈದಳು.

ದಂಡದ ಚೀಟಿ ಬಂದಾಗ ನನ್ನ ಕೈ ಹಿಡಿದುಕೊಂಡು ನಿಮ್ಮ ಕಚೇರಿಗೆ ಹೊರಟಳು. ಅದೇ ಯುವ ಅಧಿಕಾರಿ ಸಿಕ್ಕರು. ಒಳ್ಳೆಯ ಹುಡುಗ, ಕುರ್ಚಿ ಎಳೆದು ಕೂರಿಸಿದ.

“ಅಜ್ಜೀ, ಅದು ಕಸದ್ದಲ್ಲ, ಹೊಗೆಯದ್ದು. ಕಾರ್ಖಾನೆಯವರಿಗೆ ಮಾತ್ರ.”

“ಹೊಗೆ ಕಸ ಅಲ್ವೇನಪ್ಪಾ? ನಾನು ಒಣಗಾಕಿದ ಬಟ್ಟೆ ಮೇಲೆ ಬಂದು ಕೂರತ್ತಲ್ಲ, ಅದೇನು, ಪೌಡರಾ?”

“ಹಂಗಲ್ಲ ಅಜ್ಜೀ. ಅವ್ರ ಹತ್ರ ದುಡ್ಡು ಕೇಳಿದ್ರೆ ಕಾರ್ಖಾನೆ ಎತ್ತಿಕೊಂಡು ಬೇರೆ ದೇಶಕ್ಕೆ ಹೋಗ್ಬಿಡ್ತಾರೆ. ಇಲ್ಲಿ ಕೆಲಸಾನೂ ಹೋಗತ್ತೆ, ಹೊಗೆ ಅಲ್ಲಿ ಏಳತ್ತೆ.”

“ಹೌದಾ? ಹಂಗಾದ್ರೆ ಬೊಂಗ್‌ಸುನೂ ಬೇರೆ ದೇಶಕ್ಕೆ ಹೋಗ್ತಾಳಂತೆ ಅಂತ ಬರ್ಕೋ. ನಂಗೂ ಚೀಲ ಪುಕ್ಕಟೆ ಕೊಡು.”

ಕಚೇರಿಯೆಲ್ಲ ನಕ್ಕಿತು. ನಾನೂ ನಕ್ಕೆ. ಅಜ್ಜಿ ನಗಲಿಲ್ಲ, ಉತ್ತರಕ್ಕಾಗಿ ಕಾಯುತ್ತಾ ಕೂತಳು. ಅವತ್ತು ಯಾರೂ ಉತ್ತರ ಕೊಡಲಿಲ್ಲವಾದ್ದರಿಂದ ಈಗ ತಮ್ಮನ್ನು ಕೇಳುತ್ತಿದ್ದೇನೆ.

ನಿಮ್ಮ ವ್ಯವಸ್ಥೆಯ ಮೂಲತತ್ವ ನನಗೆ ಒಪ್ಪಿಗೆಯೇ. ದೇಶಕ್ಕೆ ಇಷ್ಟೇ ಹೊಗೆ ಎಂದು ಮಿತಿ ಹಾಕುವುದು, ಆ ಮಿತಿಯನ್ನು ಹಕ್ಕುಗಳಾಗಿ ಹೋಳು ಮಾಡುವುದು, ಹೆಚ್ಚು ಉಗುಳಿದವನು ಕೊಳ್ಳುವುದು, ಉಳಿಸಿದವನು ಮಾರುವುದು. ಉಗುಳುವುದಕ್ಕೆ ಬೆಲೆ ಇದ್ದರೆ ಮನುಷ್ಯ ಕಡಿಮೆ ಉಗುಳುತ್ತಾನೆ. ಚೀಲಕ್ಕೆ ದುಡ್ಡು ಬಂದ ಮೇಲೆ ನಮ್ಮ ಓಣಿಯ ಕಸ ಕಡಿಮೆಯಾಗಲಿಲ್ಲವೇ? ಆದರೆ ಅತಿ ಹೆಚ್ಚು ಉಗುಳುವವನಿಗೇ ಪುಕ್ಕಟೆ ಕೊಟ್ಟ ಮೇಲೆ ಅದು ಬೆಲೆ ಹೇಗಾಯಿತು ಸ್ವಾಮಿ? ಹೋದ ವರ್ಷ ಕಾರ್ಖಾನೆಯ ಒಂದು ದೊಡ್ಡ ಕುಲುಮೆ ತಿಂಗಳುಗಟ್ಟಲೆ ಆರಿತ್ತು. ಭೂಮಿಯ ಮೇಲಿನ ಪ್ರೀತಿಯಿಂದಲ್ಲ. ಉಕ್ಕಿಗೆ ಗಿರಾಕಿ ಇರಲಿಲ್ಲ. ಅಲ್ಲೇ ದುಡಿಯುವ ನನ್ನ ಗಂಡನೂ ಆಗ ಮನೆಯಲ್ಲಿ ಕೂತಿದ್ದ. ಉರಿಯದ ಕುಲುಮೆಯ ಹಕ್ಕುಗಳು ಮಿಕ್ಕವು. ಮಿಕ್ಕದ್ದನ್ನು ಕಾರ್ಖಾನೆ ಮಾರಿಕೊಂಡಿತು, ಗೇಟಿನ ಮೇಲೆ ‘ಹಸಿರು ಸಾಧಕರು’ ಎಂಬ ಬ್ಯಾನರನ್ನೂ ಕಟ್ಟಿತು. ಉಂಡೂ ಹೋದ, ಕೊಂಡೂ ಹೋದ ಅಂದರೆ ಇದೇ ಅಲ್ಲವೇ? ಪೇಟೆಯ ತುಂಬ ಹಕ್ಕುಗಳು ಬಂದು ಬಿದ್ದದ್ದರಿಂದ ಬೆಲೆ ಕುಸಿಯಿತು, ನೀವು ಹರಾಜಿಗಿಟ್ಟ ಅಷ್ಟಿಷ್ಟಕ್ಕೂ ದುಡ್ಡು ಹುಟ್ಟಲಿಲ್ಲ. ಕೊನೆಗೆ ನಿಧಿ ಬರಿದು ಎಂಬ ಪತ್ರ ಬಂದದ್ದು ನನ್ನ ಬಾಗಿಲಿಗೆ. ಅತ್ತ ಕರೆಂಟು ಬಿಲ್ಲಿನಲ್ಲಿ ಹವಾಮಾನದ ಹೆಸರಿನ ಶುಲ್ಕ ಒಂದು ತಿಂಗಳೂ ತಪ್ಪದೆ ಬರುತ್ತಿದೆ. ನಾನು ಬೇರೆ ದೇಶಕ್ಕೆ ಹೋಗಲಾರೆ ಎಂಬುದು ನಿಮಗೆ ಚೆನ್ನಾಗಿ ಗೊತ್ತಿದೆ.

ನನ್ನ ಬಾಯ್ಲರ್ ಸಾಚಾ ಎಂದು ನಾನು ವಾದಿಸುತ್ತಿಲ್ಲ. ಬೆಳಗ್ಗೆ ಹೊತ್ತಿಸಿದಾಗ ಕಪ್ಪಗೆ ಕೆಮ್ಮುತ್ತದೆ, ಎಣ್ಣೆ ಕುಡಿಯುತ್ತದೆ, ಹಳತಾಗಿದೆ. ಕಾರ್ಖಾನೆ ಮುಚ್ಚಲಿ ಎಂದೂ ಹೇಳುತ್ತಿಲ್ಲ. ಅದು ಮುಚ್ಚಿದರೆ ನನ್ನ ಮನೆಯಲ್ಲೂ ಅನ್ನ ಬೇಯುವುದಿಲ್ಲ. ಆದರೆ ಓಡಿಹೋಗುತ್ತೇನೆ ಎಂದು ಹೆದರಿಸಿದವನಿಗೆ ದಾನ, ಇಲ್ಲೇ ಸಾಯುತ್ತೇನೆ ಎಂದವಳಿಗೆ ದಂಡ ಎಂಬುದು ಯಾವ ಅರ್ಥಶಾಸ್ತ್ರ? ನನಗೆ ಸಿಟ್ಟು ಬಂದಿದೆ, ಅದನ್ನು ಮುಚ್ಚಿಡುವ ಮನಸ್ಸೂ ಇಲ್ಲ.

ನಿಮ್ಮ ಪತ್ರ ಬಂದ ವಾರ ಬೊಂಗ್‌ಸುನ್ ಅಜ್ಜಿಯ ಬೆನ್ನು ಉಜ್ಜುತ್ತಾ ವಿಷಯ ಹೇಳಿದೆ.

“ಅಜ್ಜೀ, ಚಳಿಗಾಲಕ್ಕೆ ಬಾಯ್ಲರ್ ಆರಿಸ್ಬೇಕಾಗತ್ತೇನೋ.”

“ಮೆಲ್ಲಗೆ ಉಜ್ಜೇ, ಚರ್ಮ ಕಿತ್ತು ಬರತ್ತೆ.” ಒಂದು ಚೊಂಬು ನೀರು ಹೆಗಲ ಮೇಲೆ ಸುರಿದುಕೊಂಡಳು. ಆಮೇಲೆ ಕೇಳಿದಳು, “ಪೂರ್ತಿ ಆರಿಸ್ತೀಯಾ?”

“ಪೂರ್ತಿ.”

“ಹಂಗಾದ್ರೆ ಹಿರಿಯರ ಮನೆಗೂ ನಾನು ಹೋಗಲ್ಲ ಬಿಡು.”

“ಅದಕ್ಕೂ ಇದಕ್ಕೂ ಏನು ಸಂಬಂಧ ಅಜ್ಜೀ?”

“ನಿಂಗೇನು ಗೊತ್ತು. ಮೀನು ಸೀಳ್ತಿದ್ದಾಗ ಬಸ್ಸಲ್ಲಿ ನನ್ನ ಪಕ್ಕ ಯಾರೂ ಕೂರ್ತಿರ್ಲಿಲ್ಲ. ಕೂತವ್ರು ಮೂಗು ಮುಚ್ಕೊಂಡು ಎದ್ದು ಹೋಗ್ತಿದ್ರು. ಈ ವಯಸ್ಸಲ್ಲಿ ಮತ್ತೆ ಮೈ ವಾಸನೆ ಬಂದು ಪಕ್ಕದವ್ರು ಸರಿದು ಕೂತ್ರೆ ನಂಗೆ ತಡ್ಕೊಳಕ್ಕಾಗಲ್ಲ ಕಣೇ. ಮನೇಲೇ ಬಿದ್ದಿರ್ತೀನಿ.”

ಊಟ, ಹರಟೆ, ಇಸ್ಪೀಟು, ಮನುಷ್ಯರ ಮುಖ, ಎಲ್ಲವೂ ಅವಳಿಗೆ ಸಿಗುವುದು ಆ ಹಿರಿಯರ ಮನೆಯಲ್ಲೇ. ನನ್ನ ಬಾಯ್ಲರ್ ಆರಿದರೆ ಆ ಬಾಗಿಲೂ ಮುಚ್ಚುತ್ತದೆ. ಗುಡ್ಡದ ಮೇಲೆ ಅವಳಂಥವರು ಇನ್ನೂ ಎಷ್ಟೋ ಜನ ಇದ್ದಾರೆ, ಅವರು ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ಆದ್ದರಿಂದ ನನ್ನ ಬೇಡಿಕೆ ಇದು. ಮುಂದಿನ ಹಂಚಿಕೆಗೆ ಸಹಿ ಹಾಕುವ ಮುಂಚೆ ಉಕ್ಕಿನ ಕಾರ್ಖಾನೆಯ ಪಾಲಿನಲ್ಲಿ ಒಂದು ಭಾಗವನ್ನಾದರೂ ಹರಾಜಿಗಿಡಿ. ಉರಿಯದ ಕುಲುಮೆಗೆ ಕೊಟ್ಟ ಹಕ್ಕುಗಳನ್ನು ವಾಪಸ್ ಪಡೆಯಿರಿ. ಬಂದ ಹಣದಿಂದ ನಿಧಿ ತುಂಬಿಸಿ, ನನ್ನಂಥವರು ಬಾಯ್ಲರ್ ಬದಲಿಸಲು ಕೊಟ್ಟ ಮಾತಿನಂತೆ ನೆರವು ಕೊಡಿ. ಅಲ್ಲಿಯವರೆಗೆ ನನ್ನ ಬಾಯ್ಲರ್ ಉರಿಯಲು ಬಿಡಿ.

ಆಗುವುದಿಲ್ಲವೆಂದರೆ ಬೇರೇನೂ ಕೇಳುವುದಿಲ್ಲ, ಇಷ್ಟು ಮಾತ್ರ ಮಾಡಿ. ಸ್ನಾನಗೃಹ ಮುಚ್ಚಿದೆ ಎಂಬ ಬೋರ್ಡನ್ನು ನಾನು ಬರೆಯುವುದಿಲ್ಲ. ತಾವೇ ಬಂದು, ತಮ್ಮ ಕೈಯಾರೆ ಬರೆದು, ನನ್ನ ಬಾಗಿಲಿಗೆ ತೂಗುಹಾಕಿ. ತೂಗುಹಾಕಿದ ಕೂಡಲೇ ಕಾರು ಹತ್ತಬೇಡಿ, ಬಾಗಿಲಲ್ಲೇ ನಿಂತಿರಿ. ಬೊಂಗ್‌ಸುನ್ ಅಜ್ಜಿಗೆ ಓದಲು ಬರುವುದಿಲ್ಲ, ತಾವು ಬಾಯಿಬಿಟ್ಟೇ ಹೇಳಬೇಕಾಗುತ್ತದೆ.

ಇಂತಿ,
ನವೆಂಬರ್ ಕೊನೆಯವರೆಗೆ ಮಾತ್ರ ಬಿಸಿನೀರಿನ ಒಡತಿ,
ಮಾ ಯೊನ್‌ಸಿಲ್