ಡಿಸ್ಕೋ ಈಶ್ವರಿಯ ಸೂಪರ್ ಹಿಟ್ಸ್

ಗುಳೇದಗುಡ್ಡ
೧೨ ಡಿಸೆಂಬರ್ ೨೦೨೪

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಶಂಕರಲಿಂಗನ ಶರಣು. ಗಂಟಲು ಹೇಗಿದೆ? ಕೊಲ್ಹಾಪುರದ ಚಳಿಯಲ್ಲಿ ಕಾರ್ಯಕ್ರಮ ಮುಗಿಸಿ ಐಸ್‌ಕ್ರೀಮು ತಿನ್ನುವ ಹುಚ್ಚು ಇನ್ನೂ ಬಿಟ್ಟಿಲ್ಲ ತಾನೇ? ಇಲ್ಲಿ ಅವ್ವ, ಮಹಾದೇವಿ, ಕೂಸು ಆರಾಮ ಇದ್ದಾರೆ. ನನಗೇ ಸಮಾಧಾನವಿಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ನಿನ್ನ ಹಳೆಯ ಹಾಡುಗಳನ್ನೆಲ್ಲ ಕೂಡಿಸಿದ ‘ಡಿಸ್ಕೋ ಈಶ್ವರಿ ಸೂಪರ್ ಹಿಟ್ಸ್’ ಬಂದಾಗಿನಿಂದ ನಮ್ಮ ಓಣಿಯ ಮಗ್ಗದ ಮನೆಗಳಲ್ಲಿ ಅದೇ, ಟಂಟಂ ಗಾಡಿಗಳಲ್ಲೂ ಅದೇ. ಎಲ್ಲರ ಫೋನಿನಲ್ಲೂ ಮಿಂಚುವ ಜಾಕೀಟು ತೊಟ್ಟ ನಿನ್ನ ಫೋಟೋ. ಊರಿಗೆ ಹೆಮ್ಮೆ, ನನಗೆ ಹೆದರಿಕೆ. ಸ್ಟೇಜಿನ ಮೇಲೆ ಹಾಡುವಾಕಿ ಎಂದರೆ ಮರ್ಯಾದೆ ಹೋದೀತೆಂದು ಇಳಕಲ್ಲಿನ ಬೀಗರಿಗೆ ನಾನು, ಅಕ್ಕ ಹೊಲಿಗೆ ಕ್ಲಾಸು ನಡೆಸುತ್ತಾಳೆ ಎಂದು ಹೇಳಿಬಿಟ್ಟಿದ್ದೆ. ಅವರ ಮಗಳು ಮಹಾದೇವಿಯ ಬಾಯನ್ನೂ ಮುಚ್ಚಿಸಿದ್ದೆ. ಕೂಸಿಗೆ ಹೆಸರಿಡುವ ತೊಟ್ಟಿಲ ಕಾರ್ಯಕ್ಕೆ ನೀನು ಬಂದರೆ ಫೋಟೋದ ಮುಖ ಗುರುತು ಹಿಡಿಯುತ್ತಾರಲ್ಲ! ಅದಕ್ಕೆ ಕಾರ್ಯ ಮುಂದೆ ಹೋಗಿದೆ ಎಂದು ನಿನಗೆ ಹೇಳಿದೆ, ಅಕ್ಕನಿಗೆ ಬಿಡುವಿಲ್ಲವಂತೆ ಎಂದು ಅವ್ವನಿಗೆ ಹೇಳಿದೆ. ಕಾರ್ಯ ಮೊನ್ನೆ ಭಾನುವಾರವೇ ಇತ್ತು ಅಕ್ಕಾ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ಸ್ಪೀಕರ್ ಹಚ್ಚಲು ಬಂದ ಫೈಜಾನ ಯಾರನ್ನೂ ಕೇಳದೆ ನಿನ್ನ ಹಾಡನ್ನೇ ಹಾಕಿದ. ನನ್ನ ಮಾವನವರು, ಆ ರಿಟೈರ್ಡ್ ಹೆಡ್‌ಮಾಸ್ತರು, ತೊಡೆಯ ಮೇಲೆ ತಾಳ ಹಾಕುತ್ತ, “ಧ್ವನಿ ಭಾಳ ಛಲೋ ಐತಿ, ಯಾರ್ರೀ ಈಕಿ?” ಎಂದರು. ನಾನು, “ಯಾರೋ ಹೊರಗಿನಾಕಿರಿ” ಎಂದೆ. ನೀರು ಕೊಡಲು ಬಂದಿದ್ದ ಅವ್ವ ಅದನ್ನು ಕೇಳಿಸಿಕೊಂಡಳು.

ಹೆಸರಿಡುವ ಹೊತ್ತಾಯಿತು. ಸೋದರತ್ತೆ ಕುರ್ರ್ ಎಂದು ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು, ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ನೀನಿಲ್ಲವೆಂದು ಮಹಾದೇವಿಯ ಚಿಕ್ಕಮ್ಮ ಬಗ್ಗಿದರು. ಅವ್ವ ತೊಟ್ಟಿಲಿಗೆ ಅಡ್ಡ ಕೈಯಿಟ್ಟು, ಇನ್ನೊಂದು ಕೈಯಿಂದ ಸ್ಪೀಕರು ತೋರಿಸಿದಳು. “ತಡೀರಿ. ಕೂಸಿನ ಅತ್ತಿ ಅಲ್ಲಿ ಹಾಡಾಕತ್ತಾಳ. ಅಕಿ ಹೊರಗಿನಾಕಿ ಅಲ್ಲ, ನನ್ನ ಹೊಟ್ಟ್ಯಾಗ ಹುಟ್ಟಿದಾಕಿ” ಎಂದಳು.  ಮಾವನವರು ನನ್ನತ್ತ ತಿರುಗಿ, “ಹಂಗಿದ್ರ ಅಕಿನ್ನ ಯಾಕ ಕರೀಲಿಲ್ಲ?” ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಎಲ್ಲರೂ ಹೋಳಿಗೆ ಉಂಡರು. ಅವ್ವ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ನೀನೂ ಬಿಟ್ಟರೆ ತಪ್ಪಿಲ್ಲ. ಮೈ ಕಾಳಜಿ ಮಾಡಿಕೋ. ಅವ್ವನ ಆಶೀರ್ವಾದ, ಮಹಾದೇವಿಯ ನಮಸ್ಕಾರ.

ಮುಖ ತೋರಿಸಲಾಗದ ನಿನ್ನ ತಮ್ಮ,
ಶಂಕರಲಿಂಗ

ತಾ.ಕ.: ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ. ಅವ್ವ ತೊಟ್ಟಿಲ ಹತ್ತಿರ ಯಾರನ್ನೂ ಬಿಡುತ್ತಿಲ್ಲ, ತೊಟ್ಟಿಲಿಗೆ ಕಟ್ಟಿದ ಹೂವು ಒಣಗಿದರೂ ಬಿಚ್ಚಗೊಡುತ್ತಿಲ್ಲ. ನನ್ನ ಮೇಲಿನ ಸಿಟ್ಟನ್ನು ಅವನ ಮೇಲೆ ತೀರಿಸಬೇಡ ಅಕ್ಕಾ. ನೀನು ಬರುವ ತನಕ ಅವನಿಗೆ ಹೆಸರಿಲ್ಲ.