ಬೇವಿನ ಕೆಳಗೆ ನಿಂತ ಹೆಂಗಸಿನ ಬಗ್ಗೆ ಒಂದು ಅರಿಕೆ

ಧಾರವಾಡ
ಇಸವಿ ೨೨೪೭, ಫೆಬ್ರವರಿ ೩೦

ನಮ್ಮ ಅಂಗಳದ ಚಿತ್ರವನ್ನು ಕೈಯಿಂದ ಬರೆದ ಮಹನೀಯರ ಸನ್ನಿಧಿಗೆ,

ಕೆಳಗೆ ಸಹಿ ಮಾಡಿರುವ ಅರ್ಜಿದಾರನು ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮೇಲೆ ಕಾಣಿಸಿದ ತಾರೀಖು ಕೈತಪ್ಪಿನಿಂದ ಬಂದದ್ದಲ್ಲ. ತಿಂಗಳುಗಳನ್ನು ಸಮ ಮಾಡಿದ ಮೇಲೆ ನಮ್ಮ ಫೆಬ್ರವರಿಗೂ ಮೂವತ್ತು ದಿನಗಳು ಬಂದಿವೆ. ನನ್ನ ಭಾಷೆ ತಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ತಮ್ಮ ಕಾಲದ ಬರವಣಿಗೆಯೆಂದು ನನಗೆ ಸಿಕ್ಕಿದ್ದು ಹಳೆಯ ಕಚೇರಿಯೊಂದರ ಅರ್ಜಿಗಳು ಮಾತ್ರ. ಅವನ್ನು ನಕಲು ಮಾಡಿ ಮಾಡಿ ಈ ಶೈಲಿಯನ್ನು ಕೈವಶ ಮಾಡಿಕೊಂಡಿದ್ದೇನೆ. ಧಾರವಾಡದಲ್ಲಿ ಈಗ ಹೀಗೆ ಬರೆಯಬಲ್ಲವನು ನಾನೊಬ್ಬನೇ ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ. ಚಿತ್ರದ ಮೂಲೆಯಲ್ಲಿರುವ ತಮ್ಮ ಸಹಿ ಬಳ್ಳಿಯಂತೆ ಸುತ್ತಿಕೊಂಡಿದ್ದು, ತಾವು ಗಂಡಸರೋ ಹೆಂಗಸರೋ ತಿಳಿಯಲಾಗಲಿಲ್ಲ.

ನಮ್ಮ ಕಾಲದಲ್ಲಿ ಅಂಗಳವನ್ನು ಯಾರೂ ಬರೆಯುವುದಿಲ್ಲ. ಹೊಸ ಮನೆಗೆ ಬಂದವರು ಬಾಗಿಲ ಬಳಿ ಬೆಳೆಗನ್ನಡಿಯನ್ನು ನಿಲ್ಲಿಸುತ್ತಾರೆ. ಬೆಳೆಗನ್ನಡಿಯೆಂದರೆ ಆಳೆತ್ತರದ ಗಾಜು. ಮಣ್ಣು, ಬಿಸಿಲು, ನೀರು ಎಲ್ಲವನ್ನೂ ಅದೇ ಅಳೆದುಕೊಂಡು, ಆ ಅಂಗಳ ಮೊಮ್ಮಕ್ಕಳ ಕಾಲಕ್ಕೆ ಹೇಗಿರುವುದೋ ಹಾಗೆ ತೋರಿಸುತ್ತದೆ. ಆಮೇಲೆ ನೆಡುಗೈ ಬರುತ್ತದೆ. ಇದು ಏಡಿಯಂತೆ ನಡೆಯುವ ಯಂತ್ರ. ಗುಂಡಿ ತೋಡುವುದು, ಸಸಿ ನೆಡುವುದು, ಚಿತ್ರದಲ್ಲಿ ಇಲ್ಲದ್ದನ್ನು ಹೊತ್ತೊಯ್ಯುವುದು ಎಲ್ಲ ಅದರ ಕೆಲಸ. ಕನ್ನಡಿಯಲ್ಲಿ ಕಂಡದ್ದು ಕಂಡ ಹಾಗೆಯೇ ಆಗುತ್ತದೆ. ಆದಕಾರಣ ನಮ್ಮ ಜನಕ್ಕೆ ಚಿತ್ರವೆಂದರೆ ಆಗಿಯೇ ತೀರುವಂಥದ್ದು. ಹೀಗಾದರೆ ಹೇಗಿದ್ದೀತು ಎಂದು ಸುಮ್ಮನೆ ಕೇಳಿ ನೋಡುವ ಚಿತ್ರವೂ ಇರಬಹುದೆಂಬುದು ನಮ್ಮ ಹಿರಿಯರಿಗೆ ಹೊಳೆಯಲಿಲ್ಲ. ನನಗೂ ಈಚೆಗಷ್ಟೇ ಅನುಮಾನ ಬಂದಿದೆ.

ತಾವು ಒಂದು ಮನೆಗೆಂದು ಬರೆದ ಅಂಗಳ ಈಗ ಅದರ ಸುತ್ತ ಎದ್ದ ಮನೆಗಳಿಗೆಲ್ಲ ಸೇರಿದ್ದು. ಕೈಚಿತ್ರ ಉಳಿದಿರುವ ಅಂಗಳವನ್ನು ಚಿತ್ರದಲ್ಲಿರುವಂತೆಯೇ ಕಾಪಾಡಬೇಕು, ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು ಎಂಬುದು ಅಂಗಳ ಪರಿಷತ್ತಿನ ನಿಯಮ. ಊರಿನಲ್ಲಿ ಅಂಥ ಅಂಗಳ ನಮ್ಮದೊಂದೇ ಆದುದರಿಂದ ನಮ್ಮ ಹಿರಿಯರು ಬಹಳ ನಿಷ್ಠೆಯಿಂದ ನಡೆದುಕೊಂಡರು. ತಾವು ಆಕಾಶದಲ್ಲಿ ಎಳೆದ ಎರಡು ಕೊಂಕುಗೀಟುಗಳನ್ನು ಬಹಳ ಚರ್ಚೆಯ ನಂತರ ಹಕ್ಕಿಗಳೆಂದು ನಿರ್ಣಯಿಸಿ, ತಂತಿಯಲ್ಲಿ ಮಾಡಿಸಿ ತೂಗುಹಾಕಿದ್ದಾರೆ. ಬೇವಿನ ಗಿಡದ ಬಲಕ್ಕೆ ತಾವು ಒತ್ತೊತ್ತಾಗಿ ಗೀರಿದ ನೆರಳನ್ನು ನೆಲದ ಮೇಲೆ ಕರಿಗಲ್ಲಿನಿಂದ ಹಾಸಿದ್ದಾರೆ. ಗಿಡದ ನಿಜವಾದ ನೆರಳು ಸಂಜೆಯ ಹೊತ್ತು ಬಂದು ಆ ಕಲ್ಲಿನ ಮೇಲೆ ಮಲಗಿ, ಸ್ವಲ್ಪ ಇದ್ದು, ಆಚೆ ಸರಿಯುತ್ತದೆ. ಇವೆಲ್ಲ ಸರಿಯೋ ತಪ್ಪೋ ತಾವೇ ಹೇಳಬೇಕು. ಆದರೆ ನನ್ನ ಅರ್ಜಿ ಇವುಗಳ ಬಗ್ಗೆ ಅಲ್ಲ.

ಬೇವಿನ ಕೆಳಗೆ ತಾವು ಒಬ್ಬ ಹೆಂಗಸನ್ನು ನಿಲ್ಲಿಸಿದ್ದೀರಿ. ಮುಖವಿಲ್ಲ, ಪಾದಗಳಿಲ್ಲ; ಸೆರಗು ಮಾತ್ರ ಗಾಳಿಗೆ ಹಾರಿದೆ. ಚಿತ್ರದಲ್ಲಿ ಹೆಂಗಸಿದ್ದರೆ ಅಂಗಳದಲ್ಲೂ ಇರಲೇಬೇಕಲ್ಲವೇ? ಹೀಗಾಗಿ ನೆರಳು ಕರಿಗಲ್ಲಿನ ಮೇಲಿರುವಷ್ಟು ಹೊತ್ತು ಮನೆಗೊಬ್ಬರಂತೆ ಸರದಿಯ ಮೇಲೆ ಬಂದು ಅಲ್ಲಿ ನಿಲ್ಲುವ ಪದ್ಧತಿ ಬಂತು. ಇದಕ್ಕೆ ನಿಲುಪಾಳಿ ಎನ್ನುತ್ತೇವೆ. ನಮ್ಮ ಮನೆಗಳ ಬಾಗಿಲುಗಳು ತೆರೆಯುವುದು ಅಪರೂಪ; ಅಂಗಳದ ಕೆಲಸ ನೆಡುಗೈ ಮಾಡುವುದರಿಂದ ಹೊರಗೆ ಬರಲು ಯಾರಿಗೂ ಕಾರಣವಿಲ್ಲ. ಹೊರಗೆ ಸಿಗುವ ಮನುಷ್ಯರೆಂದರೆ ನಿಲುಪಾಳಿಯವರೊಬ್ಬರೇ. ಆದುದರಿಂದ ಹೇಳಿಕೊಳ್ಳುವುದಿದ್ದವರು ಅಲ್ಲಿಗೇ ಬಂದರು. ಗೋಡೆಯ ಜಗಳಗಳು ಅಲ್ಲಿ ತೀರಿದವು, ಮದುವೆಗಳು ಅಲ್ಲಿ ಕೂಡಿಬಂದವು.

ಕಾಲಕ್ರಮದಲ್ಲಿ ಬೇರೆ ಮನೆಯವರು ಹಿಂದೆ ಸರಿದು, ಈಗ ಪಕ್ಕದ ಮನೆಯ ನೀಲಗಂಗವ್ವ ಕಬ್ಬೂರ ಒಬ್ಬರೇ ದಿನವೂ ನಿಲ್ಲುತ್ತಾರೆ. ವಯಸ್ಸಿನಲ್ಲಿ ನನಗಿಂತ ಹಿರಿಯರು, ಮಾತಿನಲ್ಲಿ ಯಾರಿಗೂ ಕಿರಿಯರಲ್ಲ. ಅವರ ಮಂಡಿಗಳು ಕೈಕೊಟ್ಟಿವೆ. ಹೋದ ತಿಂಗಳು ನಿಂತಲ್ಲೇ ಕುಸಿದರು. ಮರುದಿನ ನಾನು ಒಂದು ಸ್ಟೂಲನ್ನು ತಂದಿಟ್ಟೆ. ಅವರು ಕೂರುವ ಮೊದಲೇ ನೆಡುಗೈ ಅದನ್ನು ಹೊತ್ತೊಯ್ದಿತು. ಜೊತೆಗೆ, ಚಿತ್ರದ ಹೆಂಗಸಿಗೆ ಪಾದಗಳಿಲ್ಲವೆಂದೋ ಏನೋ, ಅವರು ಬಿಟ್ಟಿದ್ದ ಚಪ್ಪಲಿಗಳನ್ನೂ ಒಯ್ದಿತು. ಒಳಗೆ ಬಂದು ವಿಶ್ರಮಿಸಬೇಕೆಂದು ನಾನು ವಿನಂತಿಸಿದ್ದಕ್ಕೆ, "ಒಳಗ ಕುಂತ್ರ ನನ್ನ ಯಾರು ಮಾತಾಡಸ್ತಾರ್ರೀ ಅಯ್ಯಾರ? ನೀವಂತೂ ಅರ್ಜಿ ಬರದು ಬರದು, ಬಾಯಾಗಿನ ಮಾತೂ ಕಚೇರಿ ಕಾಗದ ಆಗ್ಯಾವ," ಎಂದರು.

ಬಿದ್ದ ಸುದ್ದಿ ಪರಿಷತ್ತಿಗೆ ಮುಟ್ಟಿ, ಅಲ್ಲಿಂದ ತ್ರಿವೇಣಿ ಮೇಟಿ ಎಂಬ ಅಧಿಕಾರಿಣಿ ಬಂದರು. ಸೌಮ್ಯ ಸ್ವಭಾವದವರು. ಚಿತ್ರವನ್ನು ಬಹಳ ಹೊತ್ತು ನೋಡಿ, "ಇಕಿ ಯಾರೂ ಅಲ್ಲ ಅಮ್ಮಾ. ಗಿಡ ಎಷ್ಟ ಎತ್ತರ ಐತಿ ಅಂತ ತಿಳೀಲಿ ಅಂತ ನಿಲ್ಲಿಸಿದ ಅಳತಿ ಗೊಂಬಿ. ಆಗಿನ ಮಂದಿ ಎಲ್ಲಾ ಚಿತ್ರದಾಗೂ ಒಂದೊಂದು ಹಾಕತಿದ್ರಂತ," ಎಂದರು.

ನೀಲಗಂಗವ್ವ ಗಿಡಕ್ಕೆ ಕೈಯೂರಿ ನಿಂತವರು ಅಲುಗಲಿಲ್ಲ. "ಅಳತಿ ಗೊಂಬಿ ಆಗಿದ್ರ ಸೆರಗ್ಯಾಕ ಹಾರತೈತಿ? ಅಳತಿಗೆ ಗಾಳಿ ಯಾಕ ಬೇಕವಾ?" ಎಂದು ಕೇಳಿದರು.

ಅಧಿಕಾರಿಣಿ ಮತ್ತೊಮ್ಮೆ ಚಿತ್ರದತ್ತ ಬಾಗಿ ಆ ಸೆರಗನ್ನು ನೋಡಿದರು. ಅವರು ತಿಳಿಸಿ ಹೋದದ್ದು ಇಷ್ಟು: ಆ ಆಕೃತಿ ಯಾರೂ ಅಲ್ಲವಾದರೆ ಅದನ್ನು ತೆಗೆದುಹಾಕಿ ನಿಲುಪಾಳಿಯನ್ನು ರದ್ದು ಮಾಡಬೇಕು, ಯಾರೋ ಒಬ್ಬರಾದರೆ ಚಿತ್ರದಲ್ಲಿರುವಂತೆ ನಿಂತೇ ಇರಬೇಕು. ಕೂರುವುದಕ್ಕೆ ಚಿತ್ರದಲ್ಲಿ ಆಧಾರವಿಲ್ಲ. ಯುಗಾದಿಯೊಳಗೆ ತೀರ್ಮಾನವಾಗುತ್ತದೆ.

ಅಂದಿನಿಂದ ನನ್ನ ತಲೆ ನೆಟ್ಟಗಿಲ್ಲ. ಅಧಿಕಾರಿಣಿ ಹೇಳಿದ್ದು ನಿಜವಿದ್ದರೆ, ಇಷ್ಟು ತಲೆಮಾರು ನಾವು ಯಾರ ಬದಲಿಗೆ ನಿಂತೆವು? ನೀಲಗಂಗವ್ವ ಹೇಳಿದ್ದು ನಿಜವಿದ್ದರೆ, ಮುಖವನ್ನೇಕೆ ಬಿಟ್ಟಿರಿ? ತಿಳಿದುಕೊಳ್ಳಲು ಬೇರೆ ದಾರಿ ಕಾಣದೆ ಸಂಗ್ರಹಾಲಯದಿಂದ ಒಂದು ಪೆನ್ಸಿಲನ್ನು ಬೇಡಿ ತಂದು, ಅವರು ನಿಂತಿರುವುದನ್ನು ನಾನೇ ಬರೆಯಲು ಕುಳಿತೆ. ಗೀಟು ನಾನು ಹೇಳಿದ ಕಡೆ ಹೋಗಲೊಲ್ಲದು. ಒಂದು ಭುಜಕ್ಕೆ ನಾಲ್ಕಾರು ಗೀಟುಗಳಾದವು; ಅವುಗಳಲ್ಲಿ ಯಾವುದು ನಿಜವಾದ ಭುಜವೆಂದು ನನಗೇ ಗೊತ್ತಿಲ್ಲ. ಮುಖಕ್ಕೆ ಬರುವಷ್ಟರಲ್ಲಿ ಧೈರ್ಯ ಉಡುಗಿ ಖಾಲಿ ಬಿಟ್ಟೆ. ಕೊನೆಗೆ ನೋಡುತ್ತೇನೆ, ಸೆರಗು ಹಾರುತ್ತಿದೆ. ಅಂದು ಒಂದು ಎಲೆಯೂ ಅಲುಗಿರಲಿಲ್ಲ. ಕೈ ಏಕೆ ಹಾಗೆ ಹೋಯಿತೋ ತಿಳಿಯದು. ತೋರಿಸಿದಾಗ ನೀಲಗಂಗವ್ವ, "ಇದು ನಾನೇನ್ರಿ? ಹುಣಸಿ ಬೀಜಕ್ಕ ಸೀರಿ ಉಡಿಸಿದಂಗ ಐತಿ," ಎಂದು ನಕ್ಕು, ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, "ಆದ್ರ ನಿಂತಿದ್ದು ಮಾತ್ರ ನಾನ," ಎಂದರು. ಆ ಕಾಗದವನ್ನು ಹಿಂದಿರುಗಿಸಲೇ ಇಲ್ಲ.

ತಾವು ಕೂಡ ಹೀಗೆಯೇ ಬರೆದಿರೇನು? ಅಳತೆಗೆಂದೇ ತೊಡಗಿ, ನಡುವೆ ಯಾರೋ ನೆನಪಾಗಿ, ಕೈ ತನ್ನಷ್ಟಕ್ಕೆ ಹೋಯಿತೇನು? ಹಾಗಿದ್ದರೆ ಅವರು ಗೊಂಬೆಯೂ ಹೌದು, ಮನುಷ್ಯರೂ ಹೌದು. ಈ ಉತ್ತರವನ್ನು ಬರೆದುಕೊಳ್ಳಲು ಪರಿಷತ್ತಿನಲ್ಲಿ ಜಾಗವಿಲ್ಲ.

ಆದುದರಿಂದ ಈ ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆಯೆಂದರೆ ಕಳೆದುಹೋದ ಕಾಲಕ್ಕೆ ಹೋಗುವ ಟಪಾಲು. ಮುಟ್ಟುವುದರ ಖಾತರಿಯಿಲ್ಲ, ಮರುತ್ತರ ಬರುವುದಿಲ್ಲ. ತಾವು ಚಿತ್ರವನ್ನು ಮುಗಿಸುವ ಮೊದಲೇ ಸೇರುವಂತೆ ವಿಳಾಸ ಬರೆಸಿದ್ದೇನೆ. ತಾವು ನನ್ನ ಬೇಡಿಕೆಯನ್ನು ನಡೆಸಿಕೊಟ್ಟರೆ ಇಲ್ಲಿ ಎಲ್ಲವೂ ಮೊದಲಿನಿಂದಲೇ ಬೇರೆಯಾಗಿದ್ದು, ನಾನು ಈ ಅರ್ಜಿಯನ್ನು ಬರೆದಿರುವುದಿಲ್ಲ. ಬರೆದಿರದಿದ್ದರೆ ತಾವು ನಡೆಸಿಕೊಡುವುದು ಹೇಗೆ? ಟಪಾಲು ಕಚೇರಿಯವರನ್ನು ಕೇಳಿದೆ. ಅವರು ಲಕೋಟೆಗೆ ಅಂಟು ಹಚ್ಚಿ ಕೊಡಿರೆಂದರು.

ಆ ಹೆಂಗಸು ಯಾರೆಂದು ತಾವು ತಿಳಿಸಬೇಕಾಗಿಲ್ಲ. ಅವರನ್ನು ಅಳಿಸದಿದ್ದರೆ ಸಾಕು. ಮುಖವನ್ನೂ ಬರೆಯಬೇಡಿ, ಬರೆದರೆ ಅದೇ ಮುಖವಿಲ್ಲದ ಬೇರೆಯವರಿಗೆ ನಮ್ಮಲ್ಲಿ ನಿಲ್ಲುವ ಅವಕಾಶ ತಪ್ಪುತ್ತದೆ. ಪೆನ್ಸಿಲನ್ನು ಕೆಳಗಿಡುವ ಮುನ್ನ ಅವರ ಹಿಂದೆ, ಬೇವಿನ ಬುಡಕ್ಕೆ ತಾಗುವಂತೆ, ಒಂದು ಅಡ್ಡಗೀಟು, ಅದರ ಕೆಳಗೆ ಎರಡು ಮೋಟುಗೀಟು ಎಳೆಯಬೇಕೆಂದು ಪ್ರಾರ್ಥನೆ. ಅದನ್ನು ಕಟ್ಟೆಯೆಂದು ಓದಿಕೊಳ್ಳುವಷ್ಟು ನಮಗೆ ತಿಳಿಯುತ್ತದೆ. ಆದರೆ ದಯವಿಟ್ಟು ಅವರನ್ನು ಅದರ ಮೇಲೆ ಕೂರಿಸಬೇಡಿ. ಕೂರಿಸಿದರೆ ನಮ್ಮವರು ನೀಲಗಂಗವ್ವನವರನ್ನು ಏಳಲು ಬಿಡಲಾರರು. ಕಟ್ಟೆ ಖಾಲಿ ಇರಲಿ. ಯಾವಾಗ ಕೂರಬೇಕೆಂಬುದನ್ನು ಅವರೇ ನೋಡಿಕೊಳ್ಳುತ್ತಾರೆ.

ಇಂತಿ ತಮ್ಮ ವಿಧೇಯ,
ಗುರುಪಾದಯ್ಯ ಸಂಗಯ್ಯ ಹೊಂಬಳಮಠ